ಬ್ರೇಕ್ ಆಯಿಲ್ ಎಣ್ಣೆಯಲ್ಲ

"ಕೈ ಹಾಕಿ ನೋಡಿ ಮೇಡಂ. ಬರೀ ಬಾಯಲ್ಲಿ ಹೇಳಿದ್ರೆ ನೀವು ನಂಬಲ್ಲ."

ಠಾಣೆಯ ಹಿಂಬದಿಯ ಅಂಗಳದಲ್ಲಿ, ಮೂತಿ ಜಜ್ಜಿಹೋದ ಹಳೆಯ ಕಾರಿನ ಹಿಂಗಾಲಿಯ ಹತ್ತಿರ ಗ್ರೀಸಣ್ಣ ಕುಕ್ಕರುಗಾಲಲ್ಲಿ ಕೂತಿದ್ದ. ಗಾಲಿ ಬಿಚ್ಚಿ ಪಕ್ಕಕ್ಕೆ ಒರಗಿಸಿದ್ದ. ಅದರ ಹಿಂದಿನ ಬ್ರೇಕ್ ಡ್ರಮ್ಮನ್ನು ಸುತ್ತಿಗೆಯಿಂದ ನಾಲ್ಕು ಸಲ ತಟ್ಟಿ ಎಳೆದಾಗ ಒಳಗಿನಿಂದ ಕರೀ ಲೋಳೆ ಒಂದಿಷ್ಟು ಜಾರಿ ನೆಲಕ್ಕೆ ಬಿತ್ತು. ಜಿಡ್ಡು, ತುಕ್ಕು, ಸವೆದ ಬ್ರೇಕಿನ ಪುಡಿ ಎಲ್ಲ ಬೆರೆತ ಲೋಳೆ.

ಇನ್‌ಸ್ಪೆಕ್ಟರ್ ಖಾಕಿ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದಳು. ಹದಿನೆಂಟು ವರ್ಷದ ನೌಕರಿಯಲ್ಲಿ ಆಕೆ ಮುಟ್ಟದ ಕೊಳಕಿರಲಿಲ್ಲ. ಆದರೂ ಆ ಲೋಳೆಗೆ ಒಂದೇ ಬೆರಳಿನ ತುದಿ ತಾಗಿಸಿದಳು.

ಇದೇ ಕಾರಿನಲ್ಲಿ ಭಾನುವಾರ ಬೆಳಿಗ್ಗೆ, ನೀರಿನ ಟ್ಯಾಂಕಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಎಪ್ಪತ್ತೊಂದು ವರ್ಷದ ಹಲ್ಲಿನ ಡಾಕ್ಟರು ಸತ್ತಿದ್ದರು. ಹನ್ನೊಂದು ದಿನ ಮುಂಚೆ ಅದರ ಬ್ರೇಕ್ ಸೋರಿಕೆ ಸರಿಮಾಡಿದ್ದ ಮೆಕ್ಯಾನಿಕ್ ಗ್ರೀಸಣ್ಣ ಮೂರು ದಿನದಿಂದ ಲಾಕಪ್ಪಿನಲ್ಲಿದ್ದ.

"ಏನು ನೋಡಬೇಕು ಹೇಳಿ," ಎಂದಳು.

"ಇಲ್ಲಿ ಬೆರಳುದ್ದದ ಸಿಲಿಂಡರ್ ಇದೆಯಲ್ಲ, ಇದರ ಒಳಗೆ ಎರಡು ರಬ್ಬರ್ ಕಪ್ ಇರುತ್ತೆ. ಪೆಡಲ್ ಒತ್ತಿದ್ರೆ ಪೈಪಲ್ಲಿ ಆಯಿಲ್ ಬಂದು ಕಪ್ಪನ್ನ ತಳ್ಳುತ್ತೆ. ಅದು ಹೋಗಿ ಬ್ರೇಕನ್ನ ತಳ್ಳುತ್ತೆ. ಆಯಿಲ್ ಆಚೆ ಸೋರದ ಹಾಗೆ ತಡೆಯೋದೂ ಈ ಕಪ್ಪೇ. ಹಳೇ ಕಪ್ ಸವೆದು ಸೋರ್ತಿತ್ತು ಅಂತ ಡಾಕ್ಟರು ಗಾಡಿ ತಂದ್ರು. ನಾಲ್ಕು ಗಾಲೀದೂ ಹೊಸದು ಹಾಕ್ದೆ. ನೋಡಿ, ಹೊಸದು ಅಂದ್ರೆ ಹೀಗಿರುತ್ತೆ."

ವರ್ಕ್‌ಶಾಪಿನಿಂದ ಪೊಲೀಸರು ತಂದಿದ್ದ ಪೊಟ್ಟಣದಿಂದ ಒಂದು ರಬ್ಬರ್ ಕಪ್ ತೆಗೆದು ಆಕೆಯ ಅಂಗೈಯಲ್ಲಿಟ್ಟ. ಗಟ್ಟಿಯಾಗಿತ್ತು, ಅಂಚು ಚೂಪಾಗಿತ್ತು. ಆಮೇಲೆ ಸಿಲಿಂಡರಿನ ಒಳಗಿಂದ ಇನ್ನೊಂದನ್ನು ಕಡ್ಡಿಯಿಂದ ಮೀಟಿ ತೆಗೆದ. ಅದು ಒಂದೂವರೆ ಪಟ್ಟು ಊದಿಕೊಂಡಿತ್ತು. ಅಂಚು ಮುದುಡಿ ಸುರುಳಿಯಾಗಿತ್ತು. ಆಕೆ ಬೆರಳಿಂದ ಒತ್ತಿದ ಕೂಡಲೇ ಮೆತ್ತಗೆ ಕಿವುಚಿಕೊಂಡು ಉಗುರಿನ ಸಂದಿಗೆ ಅಂಟಿತು.

"ಥೂ!" ಎಂದು ಕೈ ಒದರಿದಳು. "ಇದು ರಬ್ಬರಾ?"

"ಬರೀ ಹನ್ನೊಂದು ದಿನ ಓಡಿದ ರಬ್ಬರ್ ಮೇಡಂ. ಹೀಗೆ ಕೊಳೆತ ಮೇಲೆ ಇನ್ನೇನು ತಡೆಯುತ್ತೆ? ಎಲ್ಲ ಸೋರಿ ಹೋಗಿದೆ. ಬ್ರೇಕಿನ ಲೈನರ್ ಕೂಡ ಜಿಡ್ಡು ಕುಡಿದಿದೆ. ಅದಕ್ಕೇ ಪಾಪ, ಹ್ಯಾಂಡ್ ಬ್ರೇಕ್ ಎಳೆದ್ರೂ ಹಿಡೀಲಿಲ್ಲ."

ಅವನ ದನಿ ಸಣ್ಣದಾಯಿತು. ಇಪ್ಪತ್ತೆರಡು ವರ್ಷದಿಂದ ಈ ಕಾರಿನ ಒಂದೊಂದು ನಟ್ಟೂ ಅವನಿಗೆ ಗೊತ್ತಿತ್ತು. ಡಾಕ್ಟರು ಅವನ ಬಾಯಿಯ ಒಂದೊಂದು ಹಲ್ಲನ್ನೂ ಬಲ್ಲವರಾಗಿದ್ದರು.

"ರಬ್ಬರ್ ಹೀಗಾಗೋದು ಯಾಕೆ?"

"ಎಣ್ಣೆ ತಾಗಿದ್ರೆ."

"ಬ್ರೇಕಿಗೆ ನೀವು ಹಾಕೋದೂ ಎಣ್ಣೇನೇ ತಾನೆ?"

ಗ್ರೀಸಣ್ಣ ಮೂರು ದಿನದಲ್ಲಿ ಮೊದಲ ಸಲ ನಕ್ಕ. "ಎಲ್ಲರೂ ಅಲ್ಲೇ ಎಡವೋದು. ಹೆಸರಿಗೆ ಬ್ರೇಕ್ ಆಯಿಲ್. ಆದ್ರೆ ಅದು ಎಣ್ಣೆ ಅಲ್ಲವೇ ಅಲ್ಲ. ಒಂದು ಗ್ಲಾಸ್ ನೀರು ತರಿಸಿ."

ಜೀಪು ಓಡಿಸುವ ದಫೇದಾರರು ಎರಡು ಟೀ ಗ್ಲಾಸಿನಲ್ಲಿ ನೀರು ತಂದಿಟ್ಟರು. ಬೆಳಿಗ್ಗೆ ಅಂಗಡಿಯಿಂದ ತರಿಸಿದ್ದ ಸೀಲ್ ಒಡೆಯದ ಟಿನ್ನಿನಿಂದ ಗ್ರೀಸಣ್ಣ ಒಂದು ಗ್ಲಾಸಿಗೆ ನಾಲ್ಕು ಹನಿ ಬಿಟ್ಟು ಕಲಕಿದ. ಹನಿ ನೀರಿನಲ್ಲಿ ಕರಗಿ ಗುರುತು ಸಿಗದಂತಾಯಿತು. ಕಾರಿನ ಪೈಪಿನಲ್ಲಿ ಉಳಿದಿದ್ದನ್ನು ಇನ್ನೊಂದು ಗ್ಲಾಸಿಗೆ ಹಿಂಡಿದ. ಎಷ್ಟು ಕಲಕಿದರೂ ಅದು ಮೇಲೆ ಬಂದು ದುಂಡಗೆ ತೇಲಿತು.

ದಫೇದಾರರು ಬಗ್ಗಿ ನೋಡಿ, "ಅಯ್ಯೋ, ಒಗ್ಗರಣೆ ಹಾಕಿಬಿಟ್ಟಿದಾರಲ್ರಿ," ಎಂದರು.

ಇನ್‌ಸ್ಪೆಕ್ಟರ್ ನಗಲಿಲ್ಲ. ಗ್ಲಾಸನ್ನು ಮೂಗಿನ ಹತ್ತಿರ ಹಿಡಿದಳು. ವಾಸನೆ ಇರಲಿಲ್ಲ. ಬೆಳಕಿಗೆ ಹಿಡಿದಳು. ಬಣ್ಣವೂ ಇರಲಿಲ್ಲ.

"ಇಂಜಿನ್ ಆಯಿಲ್ ಆಗಿದ್ರೆ ಕಣ್ಣಿಗೇ ಕಾಣ್ತಿತ್ತು," ಎಂದ ಗ್ರೀಸಣ್ಣ. "ಇದು ತುಂಬ ತೆಳು, ನೀರಿನ ಹಾಗಿದೆ. ಇಂಥದ್ದನ್ನ ಹೊಲಿಗೆ ಮಿಷನ್‌ಗೆ ಬಿಡ್ತಾರೆ."

ಇನ್‌ಸ್ಪೆಕ್ಟರ್ ದಫೇದಾರರ ಮುಖ ನೋಡಿದಳು. ದಫೇದಾರರು ಆಕೆಯ ಮುಖ ನೋಡಿದರು. ಡಾಕ್ಟರ ಮನೆಯ ನೆಲಮಹಡಿಯಲ್ಲಿ ಸೊಸೆಯ ಆರು ಹೊಲಿಗೆ ಮಿಷನ್ನು ಬೆಳಗಿನಿಂದ ಸಂಜೆವರೆಗೆ ಓಡುವುದನ್ನು ಇಬ್ಬರೂ ಭಾನುವಾರವೇ ಕಂಡಿದ್ದರು.

"ಗ್ರೀಸಣ್ಣ, ಆವತ್ತು ನೀವು ಹಾಕಿದ್ದು ಯಾವ ಟಿನ್ನಿಂದ?"

"ಹೊಸದು ಮೇಡಂ. ಸೀಲ್ ನಾನೇ ಒಡೆದೆ."

"ಹಾಗಾದ್ರೆ ಆಮೇಲೆ ಮನೇಲಿ ಯಾರೋ ತೆಗೆದು ಇದನ್ನ ಹಾಕಿದಾರೆ."

"ಅದೇ ನನಗೆ ತಲೆಗೆ ಹೋಗ್ತಿಲ್ಲ." ಗ್ರೀಸಣ್ಣ ಎದ್ದು ಬಾನೆಟ್ಟಿನ ಉಳಿದ ತುಂಡನ್ನು ಎತ್ತಿ ಹಿಡಿದ. "ಅಸಲಿ ಬ್ರೇಕ್ ಆಯಿಲ್ ಬಣ್ಣ ತಿನ್ನುತ್ತೆ. ಒಂದು ಹನಿ ಬಿದ್ರೂ ಬೊಬ್ಬೆ ಏಳುತ್ತೆ. ನಾನು ಬಟ್ಟೆ ಹಾಸದೆ ಈ ಬ್ರೇಕ್ ಆಯಿಲ್ ಡಬ್ಬೀ ಮುಚ್ಚಳ ಮುಟ್ಟೋನಲ್ಲ. ನೋಡಿ, ಸುತ್ತ ಎಲ್ಲೂ ಕಲೆ ಇಲ್ಲ. ಕದ್ದುಮುಚ್ಚಿ ತೆಗೆಯೋನಿಗೆ ಇಷ್ಟು ನಾಜೂಕು ಬರುತ್ತಾ? ಎಲ್ಲೋ ಚೆಲ್ಲಿರಲೇಬೇಕು."

* * *

ಡಾಕ್ಟರ ಮನೆ ಇಳಿಜಾರಿನ ತುದಿಯಲ್ಲಿತ್ತು. ಠಾಣೆ ಅದರ ಬುಡದಲ್ಲಿ. "ನಡಿಯಮ್ಮ, ಇನ್ನೊಂದು ಸ್ವಲ್ಪ, ನಡಿ," ಎಂದು ದಫೇದಾರರು ಎಂದಿನಂತೆ ಜೀಪನ್ನು ಪುಸಲಾಯಿಸುತ್ತ ಏರು ಹತ್ತಿಸಿದರು. ಹಿಂದಿನ ಸೀಟಿನಲ್ಲಿ ಒಬ್ಬ ಎಳೆಯ ಪೇದೆ ಕೂತಿದ್ದ.

ಗೇಟಿನ ಪಕ್ಕದ ಕಸದ ಡಬ್ಬಿ ತುಂಬಿ ತುಳುಕುತ್ತಿತ್ತು. ಇನ್‌ಸ್ಪೆಕ್ಟರ್ ಇಳಿದವಳೇ ಅಲ್ಲಿ ನಿಂತಳು. ಡಾಕ್ಟರ ಬಿಳಿ ಕೋಟು. ಅವರ ಕನ್ನಡಕದ ಗೂಡು. ಅದರ ಮೇಲೆ, ನಲವತ್ತು ವರ್ಷದಲ್ಲಿ ಊರಿನವರ ಬಾಯಿಂದ ಅಚ್ಚು ತೆಗೆದಿಟ್ಟಿದ್ದ ಪ್ಲಾಸ್ಟರಿನ ದವಡೆಗಳು, ಮೇಲಿನದು ಕೆಳಗಿನದು ಬೇರೆಬೇರೆಯಾಗಿ ರಾಶಿ ಬಿದ್ದಿದ್ದವು. ಅವುಗಳ ಮೇಲೆ ಯಾರೋ ಟೀ ಚರಟ ಸುರಿದಿದ್ದರು. ನೊಣ ಮುತ್ತಿತ್ತು.

ಮೂರೇ ದಿನ, ಎಂದುಕೊಂಡಳು.

ಪೋರ್ಟಿಕೋದಲ್ಲಿ ಮಗನ ಹೊಸ ನೀಲಿ ಕಾರು ನಿಂತಿತ್ತು. ಮುಂದಿನಿಂದ ನೋಡಿದರೆ ಕನ್ನಡಿಯಂತೆ ಹೊಳೆಯುತ್ತಿತ್ತು. ಆಕೆ ಸುತ್ತು ಹಾಕಿ ಎಡಗಡೆಗೆ ಬಂದು ಮಂಡಿಯೂರಿದಳು. ಹಿಂಬಾಗಿಲ ಕೆಳ ಅಂಚಿನಲ್ಲಿ ಅಂಗೈ ಅಗಲದಷ್ಟು ಕಡೆ ಬಣ್ಣ ಬೊಬ್ಬೆ ಬೊಬ್ಬೆಯಾಗಿ ಎದ್ದಿತ್ತು. ಕೆಳಗಿನಿಂದ ಚಿಮ್ಮಿದ ಹನಿಗಳ ಗುರುತು. ಉಗುರು ತಾಗಿಸಿದರೆ ಬಣ್ಣ ಹಾಲಿನ ಕೆನೆಯ ಹಾಗೆ ಸುಲಿದು ಬಂತು.

ಒಳಗೆ ಮಗ ಊಟಕ್ಕೆ ಕೂತಿದ್ದ. ನಲವತ್ತು ದಾಟಿದ, ದುಂಡು ಮುಖದ ಗಂಡಸು. ತಟ್ಟೆಯ ಅಂಚಿನಲ್ಲಿ ಕೋಳಿಯ ಮೂಳೆಗಳನ್ನು ಸಾಲಾಗಿ ಜೋಡಿಸಿದ್ದ. ಸೊಸೆ ಬಡಿಸುತ್ತಿದ್ದಳು. ಕೆಳಗಿನಿಂದ ಮಿಷನ್ನುಗಳ ಸದ್ದು ನೆಲದ ಮೂಲಕ ಕಾಲಿಗೆ ಬರುತ್ತಿತ್ತು.

"ಬನ್ನಿ ಮೇಡಂ, ಊಟ ಮಾಡಿ," ಎಂದ ಮಗ. ಬಾಯಿ ತುಂಬಿತ್ತು. "ಆ ಮೆಕ್ಯಾನಿಕ್ ಒಪ್ಕೊಂಡ್ನಾ?"

"ಒಂದು ಗ್ಲಾಸ್ ನೀರು ಕೊಡಮ್ಮ," ಎಂದು ಇನ್‌ಸ್ಪೆಕ್ಟರ್ ಸೊಸೆಗೆ ಹೇಳಿದಳು. "ಹಾಗೇ ಮಿಷನ್‌ಗೆ ಹಾಕೋ ಎಣ್ಣೆ ಕ್ಯಾನ್ ತಗೊಂಡು ಬಾ."

ಸೊಸೆ ಯಾಕೆ ಎಂದು ಕೇಳಲಿಲ್ಲ. ಕೆಳಗೆ ಹೋಗಿ ಐದು ಲೀಟರಿನ ಬಿಳೀ ಕ್ಯಾನ್ ಹಿಡಿದು ಬಂದಳು. "ಸ್ವಲ್ಪವೇ ಇದೆ ಮೇಡಂ. ಹೋದ ತಿಂಗಳು ತಂದಿದ್ದು. ಇಷ್ಟು ಬೇಗ ಹೇಗೆ ಇಳೀತು ಅಂತ ಇವರನ್ನ ಕೇಳ್ತಾನೇ ಇದೀನಿ."

ಮಗ ಅಗಿಯುವುದನ್ನು ನಿಲ್ಲಿಸಿದ. ಅರೆ ಕ್ಷಣ ಮಾತ್ರ. ಮತ್ತೆ ಅಗಿದ.

ಇನ್‌ಸ್ಪೆಕ್ಟರ್ ಊಟದ ಮೇಜಿನ ಮೇಲೆಯೇ ಗ್ಲಾಸಿಟ್ಟು ಎಣ್ಣೆಯ ಹನಿ ಬಿಟ್ಟಳು. ಮೇಲೆ ದುಂಡಗೆ ತೇಲಿತು.

"ನಿಮ್ಮ ತಂದೆಯವರ ಕಾರಿನ ಬ್ರೇಕಿನಲ್ಲಿ ಇದೇ ಇತ್ತು."

"ಈ ಎಣ್ಣೆ ಊರಲ್ಲಿ ಯಾರ ಮನೇಲಿಲ್ಲ?" ಎಂದ ಮಗ.

"ನಿಮ್ಮ ಕಾರಿನ ಬಾಗಿಲಿಗೆ ಏನಾಗಿದೆ?"

"ಯಾವ ಬಾಗಿಲು? ಓ, ಅದಾ. ಕಲ್ಲು ಬಡಿದಿರಬೇಕು."

"ಕಲ್ಲು ಬಡಿದ್ರೆ ಬಣ್ಣ ಕೆತ್ತಿ ಹೋಗುತ್ತೆ. ಬೊಬ್ಬೆ ಬರಲ್ಲ. ಬ್ರೇಕ್ ಆಯಿಲ್ ಬಿದ್ರೆ ಬರುತ್ತೆ. ನಿಮ್ಮದು ಹೊಸ ಗಾಡಿ, ಬ್ರೇಕ್ ಬಿಚ್ಚೇ ಇಲ್ಲ. ಗ್ರೀಸಣ್ಣ ಬ್ರೇಕ್ ರಿಪೇರಿ ಮಾಡಿದ ಆ ಬುಧವಾರ ವರ್ಕ್‌ಶಾಪಿಗೆ ನೀವು ಹೋಗಿದ್ರಾ?"

"ಇಲ್ಲ."

"ಹೋಗಿದ್ರಲ್ಲ," ಎಂದಳು ಸೊಸೆ, ಕೈಯಲ್ಲಿ ಸೌಟು ಹಿಡಿದೇ. "ಮಾವನವರನ್ನ ವಾಪಸ್ ಕರ್ಕೊಂಡು ಬರ್ತೀನಿ ಅಂತ ನಮ್ಮ ಕಾರಲ್ಲೇ ಹೋದ್ರಿ. ಯಾವತ್ತೂ ಹೋಗದವರು ಇವತ್ತೇನು ಅಂತ ನನಗೇ ಆಶ್ಚರ್ಯ ಆಯ್ತು."

"ನೀನು ಒಳಗೆ ನಡಿ."

ಸೊಸೆ ನಡೆಯಲಿಲ್ಲ. ಆಕೆಯ ಕಣ್ಣು ಗ್ಲಾಸಿನ ಮೇಲೆ ನೆಟ್ಟಿತ್ತು. ಆಮೇಲೆ ಕ್ಯಾನಿನ ಮೇಲೆ. ಆಮೇಲೆ ಗಂಡನ ಮೇಲೆ.

"ಪ್ರತಿ ಭಾನುವಾರ ನಿಮ್ಮ ತಂದೆ ಕಾರು ತಗೊಂಡು ಎಲ್ಲಿಗೆ ಹೋಗ್ತಿದ್ರು?" ಇನ್‌ಸ್ಪೆಕ್ಟರ್ ಕೇಳಿದಳು.

ಮಗ ಮೂಳೆಯನ್ನು ತಟ್ಟೆಗೆ ಎಸೆದ.

"ಊರಿಗೇ ಗೊತ್ತಿರೋದನ್ನ ನನ್ನ ಬಾಯಲ್ಲಿ ಹೇಳಿಸಬೇಕಾ? ಕ್ಲಿನಿಕ್ಕಿನ ನರ್ಸಮ್ಮನ ಮನೆಗೆ. ಮದುವೆ ಆಗ್ತೀನಿ ಅಂತ ಹೊರಟಿದ್ರು. ಎಪ್ಪತ್ತೊಂದು ವರ್ಷ ಮೇಡಂ! ಕಟ್ಟಿಸಿಕೊಂಡ ಹಲ್ಲು, ಬಣ್ಣ ಹಚ್ಚಿದ ಮೀಸೆ. ಭಾನುವಾರ ಬಂದ್ರೆ ಕಾರಿಗೊಂದು ಸ್ನಾನ, ಅವರಿಗೊಂದು ಸ್ನಾನ. ಸೆಂಟು ಬೇರೆ. ಈ ಮನೆ ಮೆಟ್ಟಿಲು ಇಳಿಯುವಾಗ ಸಿಳ್ಳೆ ಹಾಕ್ತಿದ್ರು. ಸಿಳ್ಳೆ! ನನ್ನ ತಾಯಿ ಓಡಾಡಿದ ಮನೇಲಿ. ಅಸಹ್ಯ ಅನ್ನಿಸಲ್ವಾ ನಿಮಗೆ?"

"ಅನ್ನಿಸ್ತಿದೆ," ಎಂದಳು ಇನ್‌ಸ್ಪೆಕ್ಟರ್.

ಅವನಿಗೆ ಅದು ತನ್ನ ಪರ ಹೇಳಿದ ಮಾತು ಅನ್ನಿಸಿರಬೇಕು. ಸ್ವಲ್ಪ ಮುಂದಕ್ಕೆ ಬಾಗಿದ.

"ಬ್ರೇಕಿಗೆ ಎಣ್ಣೆ ತಾಗಬಾರದು ಅಂತ ಹೇಳಿಕೊಟ್ಟಿದ್ದು ಯಾರು ಗೊತ್ತಾ? ಅವರೇ. ನಾನು ಹತ್ತು ವರ್ಷದೋನು. ಆ ಕಾರಿನ ಪಕ್ಕ ನಿಲ್ಲಿಸಿಕೊಂಡು ಪಾಠ ಮಾಡೋರು. ಹೆಂಡತಿ ಮಕ್ಕಳಿಗಿಂತ ಆ ಡಬ್ಬಾ ಗಾಡಿ ಹೆಚ್ಚಾಗಿತ್ತು."

"ಮನೇಲೇ ಕಾರಿಗೆ ಹಾಕಬಹುದಿತ್ತಲ್ಲ. ವರ್ಕ್‌ಶಾಪಿಗೆ ಯಾಕೆ ಹೋದ್ರಿ?"

ಮಗ ತುಟಿ ಒರೆಸಿಕೊಂಡ. ಹೇಳುವುದೋ ಬಿಡುವುದೋ ಎಂದು ತೂಗಿದ. ಆದರೆ ಜಾಣತನವನ್ನು ಎಷ್ಟು ದಿನ ಒಬ್ಬನೇ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು? ಅದು ಅವನ ಮುಖದಲ್ಲೇ ಉಕ್ಕಿ ಬರುತ್ತಿತ್ತು.

"ಮನೇಲಿ ಹಾಕಿದ್ರೆ ಮನೆಯವರ ಮೇಲೆ ಬರುತ್ತೆ. ಅವನು ಟಿನ್ ಸೀಲ್ ಒಡೆದು ಬೆಂಚಿನ ಮೇಲಿಟ್ಟು ಗಾಡಿ ಕೆಳಗೆ ಮಲಗಿದ್ದ. ಕಾಲು ಮಾತ್ರ ಕಾಣ್ತಿತ್ತು. ಅಪ್ಪ ರಸ್ತೆ ಆ ಕಡೆ ಪೇಪರ್ ಓದ್ತಾ ಕೂತಿದ್ರು. ಟಿನ್ ಪೂರ್ತಿ ಚರಂಡಿಗೆ ಸುರಿದು ನನ್ನ ಬಾಟ್ಲಿಯಲ್ಲಿ ತಂದಿದ್ದನ್ನ ತುಂಬಿಸಿ ಇಟ್ಟೆ. ಎರಡು ನಿಮಿಷದ ಕೆಲಸ. ಹಾಕಿದ್ದು ಅವನ ಕೈಯೇ ತಾನೆ? ನನ್ನ ಕೈ ಎಲ್ಲಿದೆ ಅದರಲ್ಲಿ?"

ಚರಂಡಿಯ ಪಕ್ಕ ತನ್ನ ಕಾರು ನಿಂತಿದ್ದನ್ನು, ಸುರಿದದ್ದು ಚಿಮ್ಮಿದ್ದನ್ನು ಅವನು ಗಮನಿಸಿರಲಿಲ್ಲ.

ಮೇಜಿನ ಮೇಲಿನ ಅನ್ನ, ಮೂಳೆಗಳ ಸಾಲು, ಅವನ ಬೆರಳ ಮೇಲೆ ಹೊಳೆಯುತ್ತಿದ್ದ ಜಿಡ್ಡು, ಯಾವುದನ್ನು ನೋಡುವುದಕ್ಕೂ ಇನ್‌ಸ್ಪೆಕ್ಟರಿಗೆ ಆಗಲಿಲ್ಲ. ಗೋಡೆಯ ಕಡೆ ನೋಡುತ್ತ ಕೇಳಿದಳು.

"ಅದಾದ ಮೊದಲನೇ ಭಾನುವಾರ ನಿಮ್ಮ ತಂದೆ ಆರಾಮಾಗಿ ಹೋಗಿ ಬಂದ್ರು. ರಬ್ಬರ್ ಇನ್ನೂ ಊದಿರಲಿಲ್ಲ. ಆವತ್ತು ಏನು ಮಾಡಿದ್ರಿ?"

ಉತ್ತರ ಸೊಸೆ ಕೊಟ್ಟಳು. ದನಿ ಬೇರೆ ಯಾರದೋ ಇದ್ದಂತಿತ್ತು.

"ಆವತ್ತು ಸಂಜೆ ಇವರಿಗೆ ದವಡೆ ಹಲ್ಲು ನೋವು. ಮಾವ ಬಂದವರು ಬಟ್ಟೆ ಕೂಡ ಬದಲಾಯಿಸಲಿಲ್ಲ. ಇದೇ ಕುರ್ಚಿಯಲ್ಲಿ ಕೂರಿಸಿ, ಟಾರ್ಚ್ ನನ್ನ ಕೈಗೆ ಕೊಟ್ಟು, ಹುಳುಕು ಕೆರೆದು ಸಿಮೆಂಟ್ ತುಂಬಿದ್ರು. ಮುಕ್ಕಾಲು ಗಂಟೆ. ನೋಯ್ತಾ ಮರಿ, ನೋಯ್ತಾ ಮರಿ ಅಂತ ಕೇಳ್ತಾನೇ ಇದ್ರು." ಆಕೆ ಗಂಡನ ಕಡೆ ತಿರುಗಿದಳು. "ಅವರ ಬೆರಳು ನಿಮ್ಮ ಬಾಯೊಳಗಿತ್ತು. ಆಗಲೂ ನಿಮಗೆ ಗೊತ್ತಿತ್ತಾ?"

ಮಗ ತಲೆ ತಗ್ಗಿಸಿದ. ನಾಲಿಗೆ ಅವನಿಗೆ ಗೊತ್ತಿಲ್ಲದಂತೆಯೇ ಆ ಹಲ್ಲನ್ನು ಹುಡುಕಿಕೊಂಡು ಹೋಗಿ ಕೆನ್ನೆ ಒಳಗಿನಿಂದ ಉಬ್ಬಿತು.

ಸೊಸೆ ಸೌಟನ್ನು ಕೆಳಗೆ ಹಾಕಿ ಬಚ್ಚಲಿಗೆ ಓಡಿದಳು. ಆಕೆ ವಾಂತಿ ಮಾಡುವ ಸದ್ದು ಹೊರಗೆ ಕೇಳುತ್ತಿತ್ತು.

"ಏಳಿ," ಎಂದಳು ಇನ್‌ಸ್ಪೆಕ್ಟರ್.

"ಕೈ ತೊಳ್ಕೊಬಹುದಾ?"

ತೊಳೆದುಕೊಂಡ. ಸೋಪು ಹಾಕಿ, ಒಂದೊಂದೇ ಬೆರಳು, ಉಗುರಿನ ಸಂದಿ. ಟವೆಲಿನಲ್ಲಿ ಒರೆಸಿ ಟವೆಲನ್ನು ನೀಟಾಗಿ ಮಡಚಿಟ್ಟ. ದಫೇದಾರರು ಬೇಡಿ ಹಾಕುವಾಗ ಅವನ ಮೈ ಮುಟ್ಟದ ಹಾಗೆ ಹಾಕಿದರು. ಪೇದೆಯನ್ನು ಹಿಂದೆ ಕೂರಿಸಿ, ಮಗನನ್ನು ಅವನ ಪಕ್ಕಕ್ಕೆ ಹತ್ತಿಸಿ ಜೀಪು ಹೊರಡಿಸಿದರು.

"ಮೇಡಂ, ಇವನನ್ನ ಬಿಟ್ಟು ಬಂದು ನಿಮ್ಮನ್ನ ಕರ್ಕೊಂಡು ಹೋಗ್ತೀನಿ. ಹತ್ತು ನಿಮಿಷ," ಎಂದರು ಕಿಟಕಿಯಿಂದ. "ನಡಿಯಮ್ಮ."

* * *

ಎಣ್ಣೆ ಕ್ಯಾನಿಗೆ ಮೊಹರು ಹಾಕಬೇಕಿತ್ತು. ಸೊಸೆಯ ಹೇಳಿಕೆ ಬರೆದುಕೊಳ್ಳಬೇಕಿತ್ತು. ಸೊಸೆ ಮುಖ ತೊಳೆದು ಬಂದು ಮೇಜಿಗೆ ದೂರವಾಗಿ, ನೆಲದ ಮೇಲೆ ಕೂತಿದ್ದಳು. ಕೆಳಗೆ ಮಿಷನ್ನುಗಳ ಸದ್ದು ನಿಂತಿತ್ತು. ಯಾರು ಹೋಗಿ ಹೇಳಿದರೋ.

ಇನ್‌ಸ್ಪೆಕ್ಟರ್ ಮೊದಲು ಠಾಣೆಯ ಮೊಬೈಲಿಗೆ ಫೋನ್ ಮಾಡಿದಳು.

"ಗ್ರೀಸಣ್ಣನ ಕೈಗೆ ಕೊಡ್ರಿ ಫೋನು. ಅವರನ್ನ ಹೊರಗೆ ಬಿಡಿ. ಮೊದಲು ಒಂದು ಟೀ ಕೊಡಿ."

ಗ್ರೀಸಣ್ಣ ಫೋನಿಗೆ ಬಂದ. ವಿಷಯವೆಲ್ಲ ಕೇಳಿಸಿಕೊಂಡ. "ಅಂದ್ರೆ ಹಾಕಿದ್ದು ನನ್ನ ಕೈಯೇ," ಎಂದ. "ಸೀಲ್ ನಾನೇ ಒಡೆದಿದ್ದಲ್ವಾ, ಮತ್ತೆ ಮೂಸಿ ನೋಡ್ಬೇಕು ಅಂತ ಹೊಳೀಲಿಲ್ಲ ಮೇಡಂ."

"ಅದು ನಿಮ್ಮ ತಪ್ಪಲ್ಲ. ಆ ಟಿನ್ ಎಲ್ಲಿದೆ? ನನಗೆ ಅದು ಸಾಕ್ಷಿಗೆ ಬೇಕು."

"ಟಿನ್ ಖಾಲಿಯಾಗಿ ಗುಜರಿ ಮೂಲೇಲಿ ಬಿದ್ದಿದೆ. ಡಾಕ್ಟರ ಗಾಡಿಗೆ ಹಾಕಿ ಅರ್ಧ ಮಿಕ್ಕಿತ್ತು. ಅದನ್ನ ಇವತ್ತಿಗೆ ಹನ್ನೊಂದು ದಿನದ ಹಿಂದೆ, ಶನಿವಾರ, ನಿಮ್ಮ..."

ಅಲ್ಲಿಗೆ ನಿಂತ.

"ನಮ್ಮ?"

"ನಿಮ್ಮ ದಫೇದಾರರು ಬಂದಿದ್ರು ಮೇಡಂ. ಪೆಡಲ್ ಸ್ವಲ್ಪ ಕೆಳಗೆ ಹೋಗುತ್ತೆ, ನೋಡಿ ಅಂತ. ಜೀಪಿನ ಹಳೇ ಆಯಿಲೆಲ್ಲ ತೆಗೆದು ಅದನ್ನೇ ತುಂಬ್ದೆ."

ಇನ್‌ಸ್ಪೆಕ್ಟರ್ ಕಿಟಕಿಯ ಹತ್ತಿರ ಬಂದಳು. ಗೇಟಿನಾಚೆ ರಸ್ತೆ ಖಾಲಿಯಾಗಿತ್ತು. ಜೀಪು ಮೊದಲ ತಿರುವು ದಾಟಿ ಹೋಗಿತ್ತು.

ಮೊದಲು ಹೊಳೆದದ್ದು ಬೇಡಿ ತೊಟ್ಟ ಆ ಎರಡು ಕೈ, ಉಬ್ಬಿದ ಆ ಕೆನ್ನೆ. ಹೋಗಲಿ, ಎಂದಿತು ಮನಸ್ಸು. ಒಂದೇ ಉಸಿರಿನಷ್ಟು ಹೊತ್ತು. ಆಮೇಲೆ ಸ್ಟಿಯರಿಂಗ್ ಹಿಡಿದಿದ್ದವರ ಮುಖ ಕಣ್ಣಮುಂದೆ ಬಂತು; ಹಿಂದೆ ಕೂತಿದ್ದ ಪೇದೆ, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಬೆಳಗಿನಿಂದ ಕಂಡ ಎಲ್ಲ ಹೊಲಸಿಗಿಂತ ಆಕೆಗೆ ತನ್ನ ಆ ಒಂದು ಉಸಿರೇ ಹೆಚ್ಚು ಹೇಸಿಗೆಯಾಯಿತು.

"ಗ್ರೀಸಣ್ಣ, ಫೋನ್ ಇಡಬೇಡಿ. ಅಲ್ಲಿರೋರನ್ನೆಲ್ಲ ರಸ್ತೆಗೆ ಓಡಿಸಿ. ಮರಳಿನ ಮೂಟೆ, ಟೈರು, ಏನು ಸಿಗುತ್ತೋ ಅಡ್ಡ ಹಾಕಿ. ಜನರನ್ನ ಪಕ್ಕಕ್ಕೆ ಸರಿಸಿ!"

ಸೊಸೆಯ ಫೋನನ್ನು ಕಸಿದುಕೊಂಡು ದಫೇದಾರರ ನಂಬರ್ ಒತ್ತಿದಳು. ಗಂಟೆ ಹೋಗುತ್ತಿತ್ತು. ಗಾಡಿ ಓಡಿಸುವಾಗ ದಫೇದಾರರು ಫೋನ್ ಎತ್ತುತ್ತಿರಲಿಲ್ಲ. ಮೂವತ್ತು ವರ್ಷದಲ್ಲಿ ಒಮ್ಮೆಯೂ ನಿಯಮ ಮುರಿದವರಲ್ಲ.

ಎರಡನೇ ಸಲ ಒತ್ತಿದಳು. ಗಂಟೆ ಹೋಯಿತು, ಹೋಯಿತು.

ಇನ್ನೊಂದು ಕಿವಿಯಲ್ಲಿ ಗ್ರೀಸಣ್ಣ ಓಡುತ್ತಿದ್ದ. ಅವನ ಚಪ್ಪಲಿಯ ಸದ್ದು, ಏದುಸಿರು, ಯಾರನ್ನೋ ಕೂಗುತ್ತಿದ್ದುದು ಎಲ್ಲ ಕೇಳಿಸುತ್ತಿತ್ತು. ಆಮೇಲೆ ಅವನು ಇದ್ದಕ್ಕಿದ್ದಂತೆ ನಿಂತ.

"ಏನಾಯ್ತು? ಗ್ರೀಸಣ್ಣ!"

"ಮೇಡಂ, ಹಾರ್ನ್."

ಆಕೆಗೂ ಕೇಳಿಸಿತು. ಮೊದಲು ಫೋನಿನಲ್ಲಿ, ಆಮೇಲೆ ತೆರೆದ ಕಿಟಕಿಯಿಂದ, ಇಳಿಜಾರಿನ ಕೆಳಗೆಲ್ಲಿಂದಲೋ. ಎಲ್ಲೂ ಬಿಡದೆ, ಒಂದೇ ಸಮನೆ ಒತ್ತಿ ಹಿಡಿದ ಹಾರ್ನ್.